ಊರಿನ ನಾಟಕಕ್ಕೆ ಊರೇ ಗುರು



ಕಳೆದ ತಿಂಗಳು ತಾಯಿಯೊಬ್ಬರಿಂದ ನನಗೆ ನಾಲ್ಕು ಪುಟಗಳ ಪತ್ರ ಬಂದಿತು. ತಮ್ಮ ಹೆಸರನ್ನಾಗಲಿ ಊರನ್ನಾಗಲಿ ಪ್ರಕಟಿಸಬಾರದೆಂದು ಅವರು ಕೋರಿದ್ದಾರೆ. ಆದರೆ ಈ ಅಂಕಣದಲ್ಲಿಯೇ ಉತ್ತರಿಸಿದರೆ ಅಂಥದೇ ಸಂಕಟದಲ್ಲಿರುವ ಬೇರೆ ಮನೆಗಳಿಗೂ ಉಪಯೋಗವಾದೀತೆಂದು ಅವರೇ ಸೂಚಿಸಿದ್ದಾರೆ. ಆದ್ದರಿಂದ ಪತ್ರದ ಸಾರವನ್ನಷ್ಟೇ ಇಲ್ಲಿ ಕೊಡುತ್ತೇನೆ.

ಆ ತಾಯಿಗೆ ಒಬ್ಬಳೇ ಮಗಳು. ಪದವಿ ಮುಗಿಸಿದ ಮೇಲೆ ಒಂದು ವರ್ಷ ನಾಟಕದ ಶಿಕ್ಷಣ ಪಡೆದಳು. ಜೊತೆಯವರೆಲ್ಲ ಬೆಂಗಳೂರು, ಮುಂಬಯಿ ಎಂದು ಹೊರಟು ನಿಂತಾಗ ಈಕೆ ಮಾತ್ರ ಊರಿಗೆ ಮರಳಿದಳು. ಊರಿನ ಜನರೊಡನೆ, ಊರಿನ ಬದುಕನ್ನೇ ಕುರಿತು ಹೊಸ ಬಗೆಯ ನಾಟಕ ಮಾಡಬೇಕೆಂಬುದು ಅವಳ ಹಂಬಲ. ಬತ್ತಿಹೋದ ಊರಬಾವಿಯನ್ನೂ ನೀರಿಗಾಗಿ ಹೆಂಗಸರು ಪಡುವ ಪಾಡನ್ನೂ ವಸ್ತುವಾಗಿಸಿಕೊಂಡು ತಾನೇ ನಾಟಕ ಬರೆದಳು. ಸ್ವಸಹಾಯ ಸಂಘದ ಒಂಬತ್ತು ಮಂದಿ ಹೆಣ್ಣುಮಕ್ಕಳನ್ನು ಒಪ್ಪಿಸಿ, ನಲವತ್ತು ದಿನ ಸಮುದಾಯ ಭವನದಲ್ಲಿ ತಾಲೀಮು ನಡೆಸಿದಳು. ಪ್ರದರ್ಶನದ ರಾತ್ರಿ ಅರ್ಧ ಜನ ನಡುವೆಯೇ ಎದ್ದುಹೋದರು. ಒಬ್ಬಾಕೆ ಮಾತು ಮರೆತು ರಂಗದ ಮೇಲೆಯೇ ಅತ್ತುಬಿಟ್ಟಳು. ಮರುದಿನದಿಂದ ತಾಲೀಮಿಗೆ ಯಾರೂ ಬರಲಿಲ್ಲ. ಈಗ ಮಗಳು ಮಾತು ಬಿಟ್ಟು ಕೋಣೆ ಸೇರಿದ್ದಾಳೆ. ಬಂಧುಗಳು "ನಮ್ಮ ಮನೆಯ ಹುಡುಗಿಗೆ ನಾಟಕದ ಉಸಾಬರಿ ಏಕೆ ಬೇಕಿತ್ತು?" ಎನ್ನುತ್ತಿದ್ದಾರೆ. ತಂದೆ "ಸಾಕು, ಈ ವರ್ಷ ಮದುವೆ ಮುಗಿಸಿಬಿಡೋಣ" ಎಂದಿದ್ದಾರೆ. "ನಾವು ಆಕೆಯನ್ನು ತಡೆಯಬೇಕೋ, ತಾಳ್ಮೆಯಿಂದ ಕಾಯಬೇಕೋ ತಿಳಿಯದಾಗಿದೆ" ಎಂಬುದು ತಾಯಿಯ ಪ್ರಶ್ನೆ.

ಈ ಪತ್ರದ ಮೂರನೆಯ ಪುಟದಲ್ಲಿ ಒಂದು ವಾಕ್ಯವಿದೆ. ತಾಯಿ ಅದನ್ನು ಸುಮ್ಮನೆ ಬರೆದಂತಿದೆ; ನನಗೆ ಮಾತ್ರ ಇಡೀ ಪತ್ರದ ಕೀಲಿಕೈ ಅದೇ ಎನ್ನಿಸಿತು. "ಇದೇ ಹೆಣ್ಣುಮಕ್ಕಳು ನಮ್ಮ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಆ ಬಾವಿಯ ಕಥೆ ಹೇಳಿದರೆ ನಗಲಾರದೆ ಹೊಟ್ಟೆ ಹಿಡಿದುಕೊಳ್ಳುತ್ತೇವೆ, ಇಲ್ಲವೇ ಕಣ್ಣೊರೆಸಿಕೊಳ್ಳುತ್ತೇವೆ, ರಂಗದ ಮೇಲೆ ಅವರೇ ಮರದ ಬೊಂಬೆಗಳಂತೆ ನಿಂತುಬಿಟ್ಟರು." ಈ ವಾಕ್ಯದ ಬಳಿಗೆ ಮತ್ತೆ ಬರುತ್ತೇನೆ. ಅದಕ್ಕೆ ಮೊದಲು ಬಂಧುಗಳ ಪ್ರಶ್ನೆಗೆ ಉತ್ತರಿಸುವುದು ಒಳ್ಳೆಯದು.

ನಮ್ಮ ಮನೆಗಳಿಗೂ ನಾಟಕಕ್ಕೂ ಏನು ಸಂಬಂಧ ಎಂದು ಕೇಳುವವರು ಸ್ವಲ್ಪ ಹಿಂದಿರುಗಿ ನೋಡಬೇಕು. 1884ರಲ್ಲಿ ಆರಂಭವಾದ ಗುಬ್ಬಿ ನಾಟಕ ಕಂಪನಿಯನ್ನು ಕರ್ನಾಟಕದ ಹೊರಗೂ ಬೆಳಗಿಸಿದ ವೀರಣ್ಣನವರು ಯಾರು? ಹರೆಯದಲ್ಲಿ ಸ್ತ್ರೀಪಾತ್ರಗಳನ್ನು ಧರಿಸಿ, ಮುಂದೆ ಬಸವಣ್ಣನವರ ಪಾತ್ರದಿಂದ ಮನೆಮಾತಾಗಿ, ನೂರು ವರ್ಷಗಳನ್ನು ದಾಟಿ ಬಾಳಿ 2017ರಲ್ಲಿ ಅಗಲಿದ ಏಣಗಿ ಬಾಳಪ್ಪನವರು ಯಾರು? ಸಿರಿಗೆರೆಯ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು ತಾವೇ ನಾಟಕಗಳನ್ನು ರಚಿಸಿ ಕಲಾವಿದರ ತಂಡ ಕಟ್ಟಿದರು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು ಗ್ರೀಕ್ ಮಾದರಿಯ ಬಯಲು ರಂಗಮಂದಿರವನ್ನು ಕಟ್ಟಿಸಿದರು. 1997ರಲ್ಲಿ ಅಲ್ಲಿ ಆರಂಭವಾದ 'ಶಿವಸಂಚಾರ' ತಂಡ ನಾಡಿನ ಊರೂರಿಗೆ ನಾಟಕಗಳನ್ನು ಕೊಂಡೊಯ್ದಿದೆ. ಮಠದ ಅಂಗಳದಲ್ಲಿಯೇ ರಂಗಮಂದಿರ ಎದ್ದುನಿಂತ ಮೇಲೆ, ಮನೆಮಗಳು ನಾಟಕ ಬರೆದಳೆಂದು ತಲೆ ತಗ್ಗಿಸುವ ಕಾರಣವಿಲ್ಲ.

ಇನ್ನು ಆಕೆಯ ಸೋಲಿನ ಮಾತು. ನಾಟಕ ಬಿದ್ದಿತೆಂಬುದು ನಿಜ. ಅದಕ್ಕೆ ಊರಿನವರ ಅರಸಿಕತೆಯೇ ಕಾರಣವೆಂದು ಮಗಳು ತಿಳಿದಿರಬಹುದು. ಮಗಳಿಗೆ ಯೋಗ್ಯತೆಯಿಲ್ಲವೆಂದು ತಂದೆ ತಿಳಿದಿರಬಹುದು. ಎರಡೂ ತಪ್ಪೆಂದು ನನ್ನ ಭಾವನೆ. ಇದನ್ನು ಹೇಳಲು ನಮ್ಮ ದೇಶದ ಒಬ್ಬ ದೊಡ್ಡ ನಿರ್ದೇಶಕರು ಹದಿನೈದು ವರ್ಷಗಳ ಕಾಲ ಮಾಡಿದ ತಪ್ಪಿನ ಕಥೆಯನ್ನು ಹೇಳಬೇಕಾಗಿದೆ.

ಹಬೀಬ್ ತನ್ವೀರರು 1923ರಲ್ಲಿ ಇಂದಿನ ಛತ್ತೀಸಗಢದ ರಾಯಪುರದಲ್ಲಿ ಜನಿಸಿದರು. 1954ರಲ್ಲಿ ದೆಹಲಿಯಲ್ಲಿ 'ಆಗ್ರಾ ಬಜಾರ್' ಎಂಬ ನಾಟಕವನ್ನು ರಚಿಸಿ ಆಡಿಸಿದರು. ನಜೀರ್ ಅಕ್ಬರಾಬಾದಿ ಎಂಬ ಜನಕವಿಯನ್ನು ಕುರಿತ ನಾಟಕವದು. ವಿಶೇಷವೆಂದರೆ ಕವಿ ರಂಗದ ಮೇಲೆ ಬರುವುದೇ ಇಲ್ಲ. ಸಂತೆಯಲ್ಲಿ ಸೌತೆಕಾಯಿ ಮಾರುವವನೊಬ್ಬನಿಗೆ ವ್ಯಾಪಾರವಿಲ್ಲ. ಯಾರಾದರೂ ತನ್ನ ಸೌತೆಕಾಯಿಯ ಮೇಲೆ ಒಂದು ಪದ್ಯ ಕಟ್ಟಿಕೊಟ್ಟರೆ ಮಾರಾಟವಾದೀತೆಂದು ಅವನು ಅಲೆಯುತ್ತಾನೆ. ಆ ಅಲೆದಾಟವೇ ನಾಟಕ. ವಿದ್ಯಾರ್ಥಿಗಳೊಂದಿಗೆ ಓಖ್ಲಾ ಎಂಬ ಹಳ್ಳಿಯ ಜನರೂ ಅದರಲ್ಲಿ ಪಾತ್ರ ವಹಿಸಿದರು.

ಮರುವರ್ಷ ತನ್ವೀರರು ಇಂಗ್ಲೆಂಡಿಗೆ ತೆರಳಿ ಅಲ್ಲಿನ ಪ್ರಸಿದ್ಧ ಶಾಲೆಗಳಲ್ಲಿ ಅಭಿನಯವನ್ನೂ ನಿರ್ದೇಶನವನ್ನೂ ಅಭ್ಯಾಸ ಮಾಡಿದರು. ಬರ್ಲಿನ್ನಿಗೆ ಹೋಗಿ ಬ್ರೆಕ್ಟನ ನಾಟಕಗಳನ್ನು ತಿಂಗಳುಗಟ್ಟಲೆ ಕಂಡರು. 1958ರಲ್ಲಿ ಮರಳಿದವರು ಛತ್ತೀಸಗಢದ ಆರು ಮಂದಿ 'ನಾಚಾ' ಕಲಾವಿದರನ್ನು ದೆಹಲಿಗೆ ಕರೆತಂದು 'ಮೃಚ್ಛಕಟಿಕ'ವನ್ನು ಆಡಿಸಿದರು. ನಾಚಾ ಎಂದರೆ ನಮ್ಮ ಸಣ್ಣಾಟದಂತೆ ಹಾಡು, ಕುಣಿತ, ಹಾಸ್ಯಗಳಿಂದ ಕೂಡಿದ ಅಲ್ಲಿನ ಹಳ್ಳಿಯ ಆಟ. 1959ರಲ್ಲಿ ಪತ್ನಿ ಮೋನಿಕಾ ಮಿಶ್ರಾ ಅವರೊಡಗೂಡಿ 'ನಯಾ ಥಿಯೇಟರ್' ಎಂಬ ತಂಡ ಕಟ್ಟಿದರು.

ಆಗ ಕಂಡ ಸಂಗತಿ ಅವರನ್ನು ವರ್ಷಗಟ್ಟಲೆ ಕಾಡಿತು. ಹಳ್ಳಿಯಲ್ಲಿ ರಾತ್ರಿಯಿಡೀ ಸಾವಿರಾರು ಜನರನ್ನು ಹಿಡಿದಿಡುತ್ತಿದ್ದ ನಟರು ಅವರ ರಂಗದ ಮೇಲೆ ಬಿಗಿದುಕೊಳ್ಳುತ್ತಿದ್ದರು. ಠಾಕೂರ್ ರಾಮರಂಥ ಅಸಾಧಾರಣ ನಟರೂ ಮಂಕಾಗಿ ಕಾಣುತ್ತಿದ್ದರು. ಕಾರಣವೇನೆಂದು ತಿಳಿಯಲು ಬಹಳ ಕಾಲ ಹಿಡಿಯಿತು. ಕೊನೆಗೆ, 1970ರ ನಂತರದ ವರ್ಷಗಳಲ್ಲಿ, ಅವರು ತಮ್ಮಲ್ಲಿಯೇ ಎರಡು ತಪ್ಪುಗಳನ್ನು ಕಂಡುಕೊಂಡರು. ಅದನ್ನು ಮುಚ್ಚಿಡದೆ ಮುಂದೆ ಎಲ್ಲರೆದುರು ಹೇಳಿಕೊಂಡರು.

ಮೊದಲನೆಯದು ಭಾಷೆ. ಛತ್ತೀಸಗಢಿಯನ್ನು ಆಡಿ ಬೆಳೆದವರ ಬಾಯಲ್ಲಿ ಅವರು ಹಿಂದಿಯನ್ನು ಆಡಿಸುತ್ತಿದ್ದರು. ತಾಯ್ನುಡಿಯಲ್ಲಿ ಕ್ಷಣಮಾತ್ರದಲ್ಲಿ ಹೊಸ ಮಾತು ಹುಟ್ಟಿಸಬಲ್ಲ ನಟ ಬಾಯಿಪಾಠದ ಮಾತಿನ ಸೆರೆಯಾಳಾಗುತ್ತಿದ್ದ. ಎರಡನೆಯದು ನಡೆ. ಇಲ್ಲಿ ನಿಲ್ಲು, ಇಷ್ಟು ಹೆಜ್ಜೆ ಬಲಕ್ಕೆ ಹೋಗು, ಓರೆಯಾಗಿ ತಿರುಗು ಎಂದು ಇಂಗ್ಲೆಂಡಿನಲ್ಲಿ ಕಲಿತ ಶಿಸ್ತನ್ನು ಅವರು ಹೇರುತ್ತಿದ್ದರು. ಆದರೆ ನಾಚಾದ ಜನ ಮೂರು ಕಡೆಯಿಂದ ಸುತ್ತುವರಿದು ಕೂರುತ್ತಾರೆ. ಯಾವ ಕಡೆಯಿಂದ ನಗೆ ಕೇಳಿಸಿತೋ ಆ ಕಡೆಗೆ ನಟ ತಿರುಗುತ್ತಾನೆ. ನೋಡುವವರ ಮುಖವೇ ಅವನಿಗೆ ದಿಕ್ಸೂಚಿ. ಅದನ್ನು ಕಿತ್ತುಕೊಂಡು ಎಡಬಲಗಳ ಲೆಕ್ಕ ಕೊಟ್ಟರೆ ಅವನು ಎಲ್ಲಿಗೆ ಹೋಗಬೇಕು? ಕಲಿತದ್ದನ್ನು ಮರೆಯುವುದೇ ತನ್ವೀರರಿಗೆ ದೊಡ್ಡ ಪಾಠವಾಯಿತು.

1973ರಲ್ಲಿ ರಾಯಪುರದಲ್ಲಿ ನಾಚಾ ಕಲಾವಿದರ ಒಂದು ತಿಂಗಳ ಶಿಬಿರ ನಡೆಸಿದರು. ಈ ಸಲ ನಟರು ತಮ್ಮ ನುಡಿಯಲ್ಲಿಯೇ, ತಮ್ಮ ಇಚ್ಛೆಯಂತೆ ಆಡಿದರು. ತನ್ವೀರರು ಅವರಲ್ಲಿದ್ದ ಮೂರು ಹಳೆಯ ಪ್ರಹಸನಗಳನ್ನು ಆರಿಸಿ, ನಡುವೆ ಕೊಂಡಿಗಳನ್ನು ಬೆಸೆದು, ಒಂದೇ ನಾಟಕವನ್ನಾಗಿ ಮಾಡಿದರು. ಛತ್ತೀಸಗಢಿ ಬಾರದ ದೆಹಲಿಯ ಪ್ರೇಕ್ಷಕರೂ ಅದನ್ನು ಮೆಚ್ಚಿಕೊಂಡರು.

ಎರಡು ವರ್ಷಗಳ ನಂತರ, 1975ರಲ್ಲಿ, 'ಚರಣದಾಸ್ ಚೋರ್' ಬಂದಿತು. ರಾಜಸ್ಥಾನದ ಕಥೆಗಾರ ವಿಜಯದಾನ್ ದೇಥಾ ಹೇಳಿದ ಕಥೆಯದು. ಕಳ್ಳನೊಬ್ಬ ಗುರುವಿನೆದುರು ಹಾಸ್ಯಕ್ಕೆಂಬಂತೆ ನಾಲ್ಕು ಆಣೆ ಇಡುತ್ತಾನೆ: ಚಿನ್ನದ ತಟ್ಟೆಯಲ್ಲಿ ಉಣ್ಣುವುದಿಲ್ಲ, ಆನೆಯ ಮೇಲೆ ಮೆರವಣಿಗೆ ಹೋಗುವುದಿಲ್ಲ, ರಾಣಿಯನ್ನು ಮದುವೆಯಾಗುವುದಿಲ್ಲ, ರಾಜನಾಗುವುದಿಲ್ಲ. ಕಳ್ಳನಿಗೆ ಇವೆಲ್ಲ ಎಲ್ಲಿ ಒದಗಿಬಂದಾವು? ಗುರು ಐದನೆಯದನ್ನು ಸೇರಿಸುತ್ತಾನೆ: ಸುಳ್ಳು ಹೇಳಬಾರದು. ಮುಂದೆ ಆ ನಾಲ್ಕೂ ಭಾಗ್ಯಗಳು ಒಂದರ ಹಿಂದೊಂದು ಅವನ ಬಾಗಿಲಿಗೆ ಬರುತ್ತವೆ. ಎಲ್ಲವನ್ನೂ ನಿರಾಕರಿಸುತ್ತಾನೆ. ತನ್ನನ್ನು ನಿರಾಕರಿಸಿದ ಸಂಗತಿಯನ್ನು ಯಾರಿಗೂ ಹೇಳಬೇಡವೆಂದು ರಾಣಿ ಬೇಡಿದರೆ, ಸುಳ್ಳಾಡಲಾರೆನೆಂದು ಅದಕ್ಕೂ ಒಪ್ಪದೆ ಪ್ರಾಣ ಕಳೆದುಕೊಳ್ಳುತ್ತಾನೆ. ಸತ್ಯವನ್ನೇ ದೇವರೆಂದು ನಂಬಿದ ಛತ್ತೀಸಗಢದ ಸತನಾಮಿ ಪಂಥದವರ ಹಾಡು ಕುಣಿತಗಳು ಈ ನಾಟಕದ ಜೀವನಾಡಿ. 1982ರಲ್ಲಿ ಎಡಿನ್‌ಬರೋ ನಗರದ ನಾಟಕೋತ್ಸವದಲ್ಲಿ ಇದಕ್ಕೆ ಪ್ರಶಸ್ತಿ ದೊರೆಯಿತು. ಶಾಲೆಯ ಮುಖ ಹೆಚ್ಚಾಗಿ ಕಾಣದ ನಟರು ತಮ್ಮ ಹಳ್ಳಿಯ ನುಡಿಯಲ್ಲಿಯೇ ಅಲ್ಲಿ ಆಡಿದ್ದರು. ತನ್ವೀರರು 2009ರಲ್ಲಿ ತೀರಿಕೊಂಡರು.

ತಾಯಿ ಬರೆದ ಅಡಿಗೆಮನೆಯ ವಾಕ್ಯವನ್ನು ಈಗ ಮತ್ತೊಮ್ಮೆ ಓದಿರಿ. ರೊಟ್ಟಿ ಬಡಿಯುವಾಗ ಹರಿಯುವ ಮಾತು ರಂಗದ ಮೇಲೆ ಏಕೆ ಹೆಪ್ಪುಗಟ್ಟಿತು? ಮಗಳು ಬರೆದದ್ದು ಪುಸ್ತಕದ ಕನ್ನಡ. ನಿಲ್ಲಿಸಿದ್ದು ತಾನು ಕಲಿತ ಶಾಲೆಯ ಅಳತೆಯಲ್ಲಿ. ಕಥೆ ಆ ಹೆಣ್ಣುಮಕ್ಕಳದೇ. ಆದರೆ ಅದನ್ನು ಅವರಿಂದ ಪಡೆದು, ಬೇರೊಂದು ನುಡಿಗೆ ತಿರುಗಿಸಿ, ಬಾಯಿಪಾಠ ಮಾಡಿರೆಂದು ಅವರಿಗೇ ಹಿಂದಿರುಗಿಸಲಾಗಿತ್ತು. ತಮ್ಮ ಬದುಕನ್ನೇ ತಾವು ತಪ್ಪಿಲ್ಲದೆ ಒಪ್ಪಿಸಬೇಕಾದಾಗ ಯಾರಿಗೆ ಅಳು ಬಾರದು?

ಹೀಗೆ ಬರೆಯುವಾಗ ನಾನು ಆ ಮಗಳಿಗಿಂತ ಮೇಲಿನವನೆಂದು ಯಾರೂ ಭಾವಿಸಬಾರದು. ಇದೇ ತಪ್ಪನ್ನು ನಾನು ಇನ್ನೂ ಕ್ರೂರವಾಗಿ ಮಾಡಿದ್ದೇನೆ.

ಕಾಲೇಜಿನಲ್ಲಿ ಪಾಠ ಹೇಳಲು ಆರಂಭಿಸಿದ ಹೊಸತರಲ್ಲಿ, ಹೊಸ ನಾಟಕಗಳ ಹುಚ್ಚು ಹಿಡಿದಿದ್ದಾಗ, ಬರಗಾಲದ ಮೇಲೊಂದು ನಾಟಕ ಬರೆದು ನನ್ನ ಊರಿನಲ್ಲಿ ಆಡಿಸಲು ಹೊರಟೆ. ಊರಿನಲ್ಲಿ ದೊಡ್ಡಾಟದ ಭೀಮನೆಂದು ಹೆಸರಾದ ವೃದ್ಧರೊಬ್ಬರಿದ್ದರು. ಅವರು ಅಗಸೆಯಲ್ಲಿ ನಿಂತು ದನಿ ಎತ್ತಿದರೆ ಹೊಲದಲ್ಲಿದ್ದವರಿಗೆ ಕೇಳಿಸುತ್ತಿತ್ತು. ಅವರಿಗೊಂದು ರೈತನ ಪಾತ್ರ ಕೊಟ್ಟೆ. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ವೃತ್ತ ಬರೆದು ಇದರಿಂದ ಹೊರಗೆ ಕಾಲಿಡಬಾರದೆಂದೆ. ದನಿ ಏರಿಸಬಾರದು, ಹೆಜ್ಜೆ ಹಾಕಬಾರದು, ಜನರ ಕಡೆ ನೋಡಲೇಬಾರದು ಎಂದೆ. ಮೂರು ದಿನ ಅವರು ಸುಮ್ಮನೆ ಕೇಳಿದರು. ನಾಲ್ಕನೆಯ ದಿನ, "ಮಾಸ್ತರ, ಮಂದೀನ ನೋಡಬಾರದಂದ್ರ ನಾ ಯಾರ ಕೂಡ ಮಾತಾಡ್ಲಿ?" ಎಂದು ಕೇಳಿದರು. ಎದುರಿನ ಪಾತ್ರದೊಡನೆ ಮಾತ್ರ ಎಂದು ನಾನು ಬಿರುಸಾಗಿಯೇ ಹೇಳಿದೆ. ಅವರು ನಕ್ಕು, ಹೆಗಲ ಮೇಲಿನ ವಸ್ತ್ರವನ್ನು ಕೊಡವಿಕೊಂಡು ಹೊರಟುಹೋದರು. ಮತ್ತೆ ಬರಲಿಲ್ಲ. ಕಲಿಯಲೊಲ್ಲದ ಒಬ್ಬರು ಕಡಿಮೆಯಾದರೆಂದು ನನಗೆ ಆಗ ಹಗುರವೇ ಆಯಿತು.

ನಾಟಕ ನಡೆಯಿತು. ಪಟ್ಟಣದಿಂದ ಬಂದ ನನ್ನ ಸಹೋದ್ಯೋಗಿಗಳು ಹೊಗಳಿದರು. ಊರಿನವರು ನಿದ್ದೆ ಹೋದರು. ಆ ವೃದ್ಧರು ಮುಂದೆ ಯಾವ ಆಟಕ್ಕೂ ಬಣ್ಣ ಹಚ್ಚಲಿಲ್ಲವೆಂದು ಕೆಲವು ವರ್ಷಗಳ ಮೇಲೆ ಅವರ ಮನೆಯವರಿಂದ ತಿಳಿಯಿತು. "ಕಲಿತವರು ಬ್ಯಾರೆ ಥರ ಆಡ್ತಾರ, ನಮಗ ಬರೂದುಲ್ಲ" ಎನ್ನುತ್ತಿದ್ದರಂತೆ. ತನ್ವೀರರ ಅನುಭವವನ್ನು ನಾನು ಓದಿದ್ದು ಅವರು ತೀರಿಕೊಂಡ ನಂತರ. ಕ್ಷಮೆ ಕೇಳಲು ಯಾರೂ ಉಳಿದಿರಲಿಲ್ಲ. ತಾಯಿಯ ಪತ್ರಕ್ಕೆ ನಾನು ಇಷ್ಟು ದೀರ್ಘವಾಗಿ ಉತ್ತರಿಸುತ್ತಿರುವುದಕ್ಕೆ ಅದೂ ಒಂದು ಕಾರಣ. ಮಗಳಿಗೆ ಇನ್ನೂ ಕಾಲ ಮಿಂಚಿಲ್ಲ. ಅತ್ತ ಆ ಹೆಣ್ಣುಮಗಳು ಪಕ್ಕದ ಓಣಿಯಲ್ಲಿಯೇ ಇದ್ದಾಳೆ. ಮೊದಲು ಅವಳ ಮನೆಗೆ ಹೋಗಿ ಬರಲಿ.

'ಪ್ರಯೋಗ' ಎಂಬ ಶಬ್ದವನ್ನು ನಮ್ಮ ತರುಣರು ಬಹಳ ಬಳಸುತ್ತಾರೆ. ಬೆಳಕನ್ನು ವಿಚಿತ್ರವಾಗಿ ಬೀರುವುದು, ಕಥೆಯನ್ನು ಹಿಂದುಮುಂದಾಗಿ ಹೇಳುವುದು ಪ್ರಯೋಗವೆನಿಸಿಕೊಂಡುಬಿಟ್ಟಿದೆ. ಅದು ತಪ್ಪೆಂದಲ್ಲ. ಆದರೆ ಊರಿನೊಡನೆ ನಾಟಕ ಮಾಡುವವರ ಪ್ರಯೋಗ ಬೇರೆಯದು. ಈ ಜನ, ಈ ಜಾಗ, ಈ ನುಡಿ, ಕೈಯಲ್ಲಿರುವ ಇಷ್ಟೇ ಹಣ, ಇವುಗಳಿಂದ ಯಾವ ರೂಪ ಹುಟ್ಟೀತೆಂದು ಪರೀಕ್ಷಿಸಿ ನೋಡುವುದೇ ಅಲ್ಲಿನ ಪ್ರಯೋಗ. ಫಲಿತಾಂಶ ಮೊದಲೇ ಗೊತ್ತಿದ್ದರೆ ಅದು ಪರೀಕ್ಷೆಯಾಗಲಾರದು.

ಬಂಗಾಳದ ಬಾದಲ್ ಸರ್ಕಾರರು (1925-2011) ಇಂಥ ಪರೀಕ್ಷೆಗೆ ತಮ್ಮ ಜೀವನವನ್ನೇ ಒಡ್ಡಿದರು. ಅವರು ಇಂಜಿನಿಯರರು, ನಗರ ಯೋಜನೆಯ ತಜ್ಞರು. 'ಏವಂ ಇಂದ್ರಜಿತ್' ನಾಟಕದಿಂದ ದೇಶಕ್ಕೆಲ್ಲ ಪರಿಚಿತರಾದರು; ನಮ್ಮ ಗಿರೀಶ ಕಾರ್ನಾಡರು ಅದನ್ನು ಇಂಗ್ಲಿಷಿಗೆ ಅನುವಾದಿಸಿದ್ದಾರೆ. ಅಷ್ಟು ಕೀರ್ತಿ ಬಂದ ಮೇಲೆ, 1970ರ ದಶಕದಲ್ಲಿ, ಅವರು ಪರದೆಯ ರಂಗಮಂಚವನ್ನೇ ತೊರೆದರು. ನಗರದ ನಾಟಕದಲ್ಲಿ ಹೊಸ ವಿಚಾರಗಳಿವೆ, ಜನರ ಸಂಪರ್ಕವಿಲ್ಲ. ಹಳ್ಳಿಯ ಆಟಕ್ಕೆ ಜನರ ಸಂಪರ್ಕವಿದೆ, ಅದರ ಮೌಲ್ಯಗಳು ಹಳೆಯವು. ಇವೆರಡರ ನಡುವೆ ಮೂರನೆಯದೊಂದು ಬೇಕೆಂದು ಹೇಳಿ 'ಮೂರನೆಯ ರಂಗಭೂಮಿ'ಯನ್ನು ಕಟ್ಟಿದರು. ಪರದೆ, ದೀಪಾಲಂಕಾರ, ಬೆಲೆಬಾಳುವ ಉಡುಗೆ ಯಾವುದೂ ಇಲ್ಲ. ಕೋಣೆಯಲ್ಲಿ, ಅಂಗಳದಲ್ಲಿ, ಮೈದಾನದಲ್ಲಿ ನಟರ ದೇಹ ಮತ್ತು ದನಿಗಳೇ ಎಲ್ಲವೂ. ಜನ ಇಚ್ಛೆಯಿಂದ ಕೊಟ್ಟದ್ದೇ ಕಾಣಿಕೆ. 1974ರ 'ಮಿಛಿಲ್', ಅಂದರೆ 'ಮೆರವಣಿಗೆ' ನಾಟಕದಲ್ಲಿ ಮೆರವಣಿಗೆಯು ಪ್ರೇಕ್ಷಕರ ನಡುವೆಯೇ ಹಾದುಹೋಗುತ್ತದೆ. ಕೂತವರು ತಾವೂ ಅದರೊಳಗಿನವರೇ ಎಂದು ಅರಿಯುವಂತೆ ಅದನ್ನು ಹೊಂದಿಸಲಾಗಿತ್ತು. ಆ ಮಗಳು ಸಮುದಾಯ ಭವನದ ಎತ್ತರದ ಕಟ್ಟೆಯನ್ನು ಆರಿಸಿಕೊಂಡಳು. ಆ ಬಾವಿಯ ಸುತ್ತಲೇ ಜನರನ್ನು ಕೂರಿಸಿದ್ದರೆ ಹೇಗಿರುತ್ತಿತ್ತೆಂದು ಆಕೆ ಯೋಚಿಸಿ ನೋಡಲಿ.

ಅದೇ ಬಂಗಾಳದಲ್ಲಿ 1985ರಲ್ಲಿ ಆರಂಭವಾದ 'ಜನ ಸಂಸ್ಕೃತಿ' ಎಂಬ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬ್ರೆಜಿಲ್ ದೇಶದ ಅಗಸ್ಟೋ ಬೋಲ್ ರೂಪಿಸಿದ ಪದ್ಧತಿಯನ್ನು ಅದು ಹಳ್ಳಿಗಳಿಗೆ ತಂದಿತು. ವರದಕ್ಷಿಣೆಯೋ ಕುಡಿತವೋ, ಒಂದು ಸಮಸ್ಯೆಯನ್ನು ಪರಿಹಾರವಿಲ್ಲದೆ ಆಡಿ ತೋರಿಸುತ್ತಾರೆ. ಅನಂತರ ಮತ್ತೆ ಮೊದಲಿನಿಂದ ಆಡುವಾಗ, ನೋಡುತ್ತಿದ್ದವರಲ್ಲಿ ಯಾರಾದರೂ ಎದ್ದು ಬಂದು, ನಟನ ಸ್ಥಾನದಲ್ಲಿ ನಿಂತು, ತಾನಾಗಿದ್ದರೆ ಏನು ಮಾಡುತ್ತಿದ್ದೆನೆಂದು ಆಡಿ ತೋರಿಸಬಹುದು. ನಾಟಕದ ಕೊನೆ ಊರಿನವರ ಕೈಯಲ್ಲಿರುತ್ತದೆ.

ನಮ್ಮ ನಾಡಿನಲ್ಲಿಯೂ ಉದಾಹರಣೆಗೆ ಕೊರತೆಯಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಊರಿನ ಹವ್ಯಾಸಿಗಳ ಸಂಘವಾಗಿತ್ತು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರು ಅಡಿಕೆ ತೋಟದ ಕೃಷಿಕರು. ಅಲ್ಲಿ ರಂಗಮಂದಿರ ನಿರ್ಮಾಣವಾದದ್ದು 1972ರಲ್ಲಿ, ರಂಗಶಿಕ್ಷಣ ಕೇಂದ್ರ ಆರಂಭವಾದದ್ದು 1980ರಲ್ಲಿ, ಊರೂರು ತಿರುಗುವ 'ತಿರುಗಾಟ' ಹೊರಟದ್ದು 1985ರಲ್ಲಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು 1991ರಲ್ಲಿ. ಲೆಕ್ಕ ಹಾಕಿರಿ: ಸಂಘದಿಂದ ಸ್ವಂತ ರಂಗಮಂದಿರಕ್ಕೆ ಇಪ್ಪತ್ತಮೂರು ವರ್ಷಗಳು. 1980ರ ದಶಕದಲ್ಲಿ ಅದೇ ಬಳಗದ ಚಿದಂಬರರಾವ್ ಜಂಬೆಯವರು ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯ ಸಿದ್ದಿ ಜನರೊಡನೆ ನಾಟಕ ಕಟ್ಟಿದರು. ಆಫ್ರಿಕಾ ಮೂಲದ ಈ ಜನ ಅಭಿನಯಿಸಿದ್ದು ನೈಜೀರಿಯದ ಚಿನುವಾ ಅಚಿಬೆಯವರ ಕಾದಂಬರಿಯೊಂದರ ರಂಗರೂಪವನ್ನು. ನಲವತ್ತು ದಿನಗಳ ತಾಲೀಮಿನ ನಂತರ ಒಂದು ರಾತ್ರಿ ಸೋತುದಕ್ಕೆ ಕೋಣೆ ಸೇರಿದ ಮಗಳಿಗೆ ಈ ವರ್ಷಗಳ ಲೆಕ್ಕವನ್ನು ಯಾರಾದರೂ ಓದಿ ಹೇಳಬೇಕು.

ಇನ್ನು, ಅನುಭವಸ್ಥರಿಂದ ಕೇಳಿ ತಿಳಿದ ಮತ್ತು ನನ್ನ ತಪ್ಪಿನಿಂದ ಕಲಿತ ಕೆಲವು ಮಾತುಗಳನ್ನು ಆಕೆಗೆ ಹೇಳಬಯಸುತ್ತೇನೆ.

ಮಗಳೇ, ಮೊದಲ ಕೆಲವು ತಿಂಗಳು ಏನನ್ನೂ ಬರೆಯಬೇಡ. ಅಡಿಗೆಮನೆಯಲ್ಲಿ ಕುಳಿತು ಕೇಳು. ಬಾವಿಯ ಬಗ್ಗೆ ಒಬ್ಬೊಬ್ಬರು ಒಂದೊಂದು ಕಥೆ ಹೇಳಿಯಾರು. ಬಾವಿ ತೋಡಿಸಿದವರಾರು, ಯಾರು ಆ ಬಾವಿಯ ನೀರು ಸೇದುವಂತಿರಲಿಲ್ಲ, ಎಂದು ಬತ್ತಿತು ಎಂದು ಕೇಳು. ಎರಡನೆಯ ಪ್ರಶ್ನೆಗೆ ಉತ್ತರ ಕಹಿಯಾಗಿರಬಹುದು. ಆ ಕಹಿಯನ್ನು ಬಿಟ್ಟು ನಾಟಕ ಕಟ್ಟಿದರೆ ಊರಿನ ಅರ್ಧ ಜನ ಅದು ತಮ್ಮದಲ್ಲವೆಂದು ದೂರ ನಿಂತಾರು. ಸಮುದಾಯ ಎಂದರೆ ನಮ್ಮ ಓಣಿಯಷ್ಟೇ ಅಲ್ಲ.

ಕೇಳಿದ್ದನ್ನೆಲ್ಲ ರಂಗಕ್ಕೆ ತರುವ ಅಧಿಕಾರವೂ ನಿನಗಿಲ್ಲ. ಸೊಸೆಯೊಬ್ಬಳು ನಂಬಿ ಹೇಳಿದ ಮಾತು ನಾಲ್ಕು ಜನರೆದುರು ಬಂದರೆ ಅವಳ ಸಂಸಾರಕ್ಕೇ ಕುತ್ತು ಬಂದೀತು. ಯಾವುದನ್ನು ಹೇಳಬಹುದು, ಯಾವುದನ್ನು ಹೇಳಬಾರದು ಎಂಬುದನ್ನು ಹೇಳಿದವರೇ ನಿರ್ಧರಿಸಲಿ. ಬರೆದ ಮೇಲೆ ಅವರಿಗೆ ಓದಿ ಹೇಳು. ಬೇಡವೆಂದ ಮಾತನ್ನು, ಅದು ಎಷ್ಟೇ ಸೊಗಸಾಗಿರಲಿ, ಅಳಿಸಿಬಿಡು.

ಮಾತು ಅವರದೇ ಇರಲಿ. ದಿನಕ್ಕೊಂದು ರೀತಿಯಲ್ಲಿ ಹೇಳಿದರೂ ಸರಿ, ಭಾವ ತಪ್ಪದಿದ್ದರೆ ಸಾಕು. ತಾಲೀಮಿನ ಹೊತ್ತನ್ನು ಅವರ ಕೆಲಸದ ಹೊತ್ತು ನೋಡಿ ಇಡು. ಸುಗ್ಗಿಯ ದಿನಗಳಲ್ಲಿ ಕರೆಯಬೇಡ. ಕೂಲಿ ಬಿಟ್ಟು ಬಂದವರಿಗೆ ಆ ದಿನದ ಕೂಲಿ ತುಂಬಿಕೊಡುವ ದಾರಿ ಹುಡುಕು. ಬಂದ ಹಣ, ಹೋದ ಹಣದ ಲೆಕ್ಕವನ್ನು ಎಲ್ಲರೆದುರು ಓದು. ಊರಿನ ಕೆಲಸಗಳು ಕೆಡುವುದು ಬಹುಮಟ್ಟಿಗೆ ಲೆಕ್ಕದ ವಿಷಯದಲ್ಲಿ.

ಹಾಗಾದರೆ ನಿರ್ದೇಶಕಿಯಾದ ನನಗೆ ಉಳಿದದ್ದೇನು ಎಂದು ನೀನು ಕೇಳಬಹುದು. ಬಹಳಷ್ಟು ಉಳಿದಿದೆ. ಮೂರು ಪ್ರಹಸನಗಳು ನಾಚಾ ಕಲಾವಿದರಲ್ಲಿ ಮೊದಲೇ ಇದ್ದವು. ಅವುಗಳಲ್ಲಿ ಒಂದು ನಾಟಕವಿದೆಯೆಂದು ಕಂಡದ್ದು ತನ್ವೀರರ ಕಣ್ಣು. ಹತ್ತು ಕಥೆಗಳಲ್ಲಿ ಮೂರನ್ನು ಆರಿಸುವುದು, ಯಾವುದು ಮೊದಲು ಯಾವುದು ಕೊನೆ ಎಂದು ಹೊಂದಿಸುವುದು, ಬೇಸರ ತರುವುದನ್ನು ಕತ್ತರಿಸುವುದು, ಹೊತ್ತಿಗೆ ಸರಿಯಾಗಿ ತಾಲೀಮು ಆರಂಭಿಸುವುದು, ಅಂಜುವವಳಿಗೆ ಬೆನ್ನಾಗಿ ನಿಲ್ಲುವುದು, ಇವೆಲ್ಲ ನಿನ್ನ ಕಾಯಕ. ನೀನು ಕಲಿತ ವಿದ್ಯೆ ವ್ಯರ್ಥವಲ್ಲ. ಅದನ್ನು ಎರಡನೆಯದಾಗಿ ಬಳಸು. ಮೊದಲು ಊರಿನಿಂದ ಕಲಿ.

ಆಟ ಮುಗಿದ ಮೇಲೆ ಬೇಗ ಎದ್ದುಹೋಗಬೇಡ. ಅರ್ಧ ಗಂಟೆ ಜನರ ನಡುವೆ ಕೂತು ಅವರ ಮಾತು ಕೇಳು. ಅವರು ಬೈದರೆ ಆ ಬೈಗಳವನ್ನು ಬರೆದಿಟ್ಟುಕೋ. ಮುಂದಿನ ಆಟಕ್ಕೆ ಅದರಲ್ಲಿ ಒಂದು ದೃಶ್ಯ ಸಿಕ್ಕೀತು.

ತಂದೆತಾಯಿಗಳಿಗೆ ಕೊನೆಯ ಮಾತು. ನಾಟಕ ಅನ್ನ ಕೊಡುತ್ತದೆಂದು ನಾನು ನಿಮಗೆ ಸುಳ್ಳು ಭರವಸೆ ಕೊಡಲಾರೆ. ಸುಬ್ಬಣ್ಣನವರಿಗೆ ತೋಟವಿತ್ತು, ಬಾದಲ್ ಸರ್ಕಾರರು ವರ್ಷಗಟ್ಟಲೆ ನೌಕರಿ ಮಾಡುತ್ತಲೇ ನಾಟಕ ಬರೆದರು. ನಿಮ್ಮ ಮಗಳೂ ಮಕ್ಕಳಿಗೆ ಪಾಠ ಹೇಳುವುದೋ ಬೇರೆ ಯಾವುದಾದರೂ ದುಡಿಮೆಯೋ ಕೈಯಲ್ಲಿಟ್ಟುಕೊಳ್ಳಲಿ. ಅದಕ್ಕೆ ಎರಡು ವರ್ಷ ಕಾಲಾವಕಾಶ ಕೊಡಿರಿ. ಮದುವೆಯ ವಿಚಾರವನ್ನು ಬೇಡವೆನ್ನಲು ನಾನಾರು? ಅದು ಅವಳ ಒಪ್ಪಿಗೆಯಿಂದ, ಸಕಾಲದಲ್ಲಿ ಆಗಲಿ. ಆದರೆ ಒಂದು ಸೋಲಿಗೆ ಶಿಕ್ಷೆಯಾಗಿ ಮದುವೆ ಮಾಡಬೇಡಿರಿ. ಹಾಗೆ ಹೋದ ಹೆಣ್ಣುಮಗಳು ಮದುವೆಯನ್ನೂ ಪ್ರೀತಿಸಲಾರಳು, ಊರನ್ನೂ ಕ್ಷಮಿಸಲಾರಳು. ಮುಂಬಯಿಗೆ ಹೋಗಬಲ್ಲವಳು ನಿಮ್ಮ ಊರಿಗೆ ಮರಳಿ ಬಂದಳೆಂಬುದನ್ನು ಮರೆಯಬೇಡಿರಿ. ಕಲಿತವರು ಊರು ಬಿಟ್ಟರೆಂದು ಹಳಹಳಿಸುವವರು, ಮರಳಿದ ಒಬ್ಬಳನ್ನು ಹೀಗೆ ಕಳೆದುಕೊಳ್ಳಬಾರದು.

ತಾಯೀ, ಇಂದೇ ಸಂಜೆ ಆ ಹೆಣ್ಣುಮಕ್ಕಳಲ್ಲಿ ಇಬ್ಬರನ್ನಾದರೂ ರೊಟ್ಟಿಗೆಂದು ಮನೆಗೆ ಕರೆಯಿರಿ. ಮಗಳನ್ನು ಒತ್ತಾಯಿಸಬೇಡಿರಿ, ಕೋಣೆಯ ಬಾಗಿಲನ್ನು ಮಾತ್ರ ತೆರೆದಿಡಿರಿ. ಬಾವಿಯ ಕಥೆ ತಾನಾಗಿ ಬಂದೀತು. ಮುಂದಿನ ಆಟದ ದಿನವನ್ನು ನನಗೆ ಒಂದು ಸಾಲಿನಲ್ಲಿ ತಿಳಿಸಿದರೆ ಸಾಕು. ಬಾವಿಯ ಕಟ್ಟೆಯ ಬಳಿ, ನೆಲದ ಮೇಲೆ ಎಲ್ಲರೊಡನೆ ಕುಳಿತು ನೋಡಲು ಬರುತ್ತೇನೆ.